ರೌಟರ್ ಕೊಳ್ಳುವ ಮುನ್ನ

(ಕಳಂಬೋಲಿಯಲ್ಲಿ ಕನ್ನಡ ಕಾರ್ಮಿಕರ ಮುಂದೆ ಮಾಡಿದ ಭಾಷಣ)



ಹತ್ತು ಹನ್ನೆರಡು ಜನ ವರ್ಗಣಿ ಹಾಕಿ ಒಂದು ಖೋಲಿಗೆ ಒಂದೇ ಇಂಟರ್‌ನೆಟ್ ಎಳೆಸಿಕೊಳ್ಳುವುದು ನಮ್ಮಲ್ಲಿ ಹೊಸ ಮಾತಲ್ಲ. ರಾತ್ರಿ ಹನ್ನೊಂದಕ್ಕೆ ಹೋಟೆಲಿನ ಬಾಗಿಲು ಮುಚ್ಚಿ ಬಂದವನು ಊರಿಗೆ ಫೋನು ಮಾಡಿದರೆ ತಾಯಿಯ ಮಾತು ತುಂಡು ತುಂಡಾಗಿ ಬರುತ್ತದೆ. ಅದೇ ಹೊತ್ತಿಗೆ ಮೂಲೆಯಲ್ಲೊಬ್ಬ ಮದುವೆಯ ವಿಡಿಯೋ ಕಳಿಸುತ್ತಿರುತ್ತಾನೆ. ಜಗಳವಾಗುತ್ತದೆ. ಮರುದಿನ ಎಲ್ಲರೂ ಕೂಡಿ, ತಿಂಗಳಿಗೆ 200 ರೂಪಾಯಿ ಹೆಚ್ಚಿನ ಯೋಜನೆಗೆ ಹೋಗೋಣವೆಂದು ತೀರ್ಮಾನಿಸುತ್ತಾರೆ. ವರ್ಷಕ್ಕೆ 2,400 ರೂಪಾಯಿ ಹೋಯಿತು. ಮಾತು ತುಂಡಾಗುವುದು ನಿಂತೀತೆಂಬ ಭರವಸೆಯಿಲ್ಲ. ಆ ಹಣವನ್ನು ಒಮ್ಮೆ ಒಳ್ಳೆಯ ರೌಟರಿಗೆ ಹಾಕುವುದು ಲೇಸು ಎಂಬುದು ನನ್ನ ಅಭಿಪ್ರಾಯ. ಆದರೆ ಒಳ್ಳೆಯದು ಯಾವುದು?

ಹೋಟೆಲಿನ ಲೆಕ್ಕದಲ್ಲೇ ನೋಡೋಣ. ಐವತ್ತು ಮಸಾಲೆ ದೋಸೆಯ ಪಾರ್ಸೆಲ್ ಆರ್ಡರು ಬಂದಿದೆ. ಅದರ ಹಿಂದೆ ಒಂದು ಚಹಾಕ್ಕಾಗಿ ಒಬ್ಬ ನಿಂತಿದ್ದಾನೆ. ದೋಸೆಯೆಲ್ಲ ಮುಗಿದ ಮೇಲೆಯೇ ನಿನಗೆ ಚಹಾ ಎಂದು ನಾವು ಹೇಳುತ್ತೇವೆಯೇ? ನಡುವೆ ಚಹಾ ಕೊಟ್ಟು ಕಳಿಸುತ್ತೇವೆ. ದೋಸೆಯವನಿಗೆ ಅದರಿಂದ ನಷ್ಟವಿಲ್ಲ. ಸಾಧಾರಣ ರೌಟರಿಗೆ ಇಷ್ಟು ವಿವೇಕವಿಲ್ಲ. ಬಂದದ್ದನ್ನೆಲ್ಲ ಒಂದೇ ಸಾಲಿನಲ್ಲಿ ನಿಲ್ಲಿಸಿ, ಹೊರಗೆ ದಾರಿ ಸಾಲದಿದ್ದರೆ ದಾಸ್ತಾನು ಮಾಡುತ್ತ ಹೋಗುತ್ತದೆ. ಕಳಂಬೋಲಿ ಸರ್ಕಲಿನಲ್ಲಿ ಉಕ್ಕಿನ ಸುರುಳಿ ಹೊತ್ತ ಟ್ರೇಲರುಗಳ ಹಿಂದೆ ಸೈಕಲ್ಲು ಸಿಕ್ಕಿಕೊಂಡ ಹಾಗೆ, ನಿಮ್ಮ ಮಾತು ಆ ವಿಡಿಯೋದ ಹಿಂದೆ ಸಿಕ್ಕಿಕೊಳ್ಳುತ್ತದೆ. ಪೆಟ್ಟಿಗೆಯೊಳಗೆ 1 ಮೆಗಾಬೈಟ್ ಸರಕು ಕೂತಿದೆ, ಹೊರದಾರಿ ಸೆಕೆಂಡಿಗೆ 10 ಮೆಗಾಬಿಟ್ ಎನ್ನಿ. ಬೈಟಿಗೆ ಎಂಟು ಬಿಟ್. ಅದು ಖಾಲಿಯಾಗಲು 0.8 ಸೆಕೆಂಡು ಬೇಕು. ಮಾತು ಸಹಜವಾಗಿ ನಡೆಯಬೇಕಾದರೆ ಒಂದು ಕಡೆಯ ವಿಳಂಬ 0.15 ಸೆಕೆಂಡು ಮೀರಬಾರದು. ಗಲ್ಲೆಯ ಮೇಲಿನ ಯುಪಿಐ ಹಣ ಬಂತೋ ಇಲ್ಲವೋ ಎಂದು ಗಿರಾಕಿ, ಮ್ಯಾನೇಜರು ಮುಖ ಮುಖ ನೋಡುವುದಕ್ಕೂ ಹಲವು ಬಾರಿ ಇದೇ ಕಾರಣ.

ಈ ರೋಗಕ್ಕೆ ಜಿಮ್ ಗೆಟಿಸ್ ಎಂಬ ಎಂಜಿನಿಯರರು 2010ರ ಸುಮಾರಿಗೆ ಬಫರ್‌ಬ್ಲೋಟ್ ಎಂದು ಹೆಸರಿಟ್ಟರು. ದಾಸ್ತಾನಿಗೆ ಬಂದ ಬೊಜ್ಜು ಎನ್ನೋಣ. 2012ರಲ್ಲಿ ಕ್ಯಾಥ್ಲೀನ್ ನಿಕೋಲ್ಸ್ ಮತ್ತು ವ್ಯಾನ್ ಜೇಕಬ್‌ಸನ್ ಕೋಡೆಲ್ ಎಂಬ ಉಪಾಯವನ್ನು ಪ್ರಕಟಿಸಿದರು. 2025ರಲ್ಲಿ ತೀರಿಕೊಂಡ ಡೇವ್ ಟಾಟ್ ಮತ್ತು ಅವರ ಸಂಗಡಿಗರು ಅದನ್ನು ಬೆಳೆಸಿ, ಎಲ್ಲರಿಗೂ ಬಿಟ್ಟಿಯಾಗಿ ಸಿಗುವಂತೆ ಮಾಡಿದರು. ಎಫ್‌ಕ್ಯೂ ಕೋಡೆಲ್, ಕೇಕ್ ಎಂಬ ಹೆಸರುಗಳು ಕಂಡರೆ ಇದೇ ವಿದ್ಯೆ ಎಂದು ತಿಳಿಯಿರಿ. ಅದನ್ನು ರೌಟರಿನಲ್ಲಿ ನಡೆಸುವ ಏರ್ಪಾಟಿಗೆ ಎಸ್‌ಕ್ಯೂಎಂ ಎನ್ನುತ್ತಾರೆ.

ಆದ್ದರಿಂದ ಲ್ಯಾಮಿಂಗ್ಟನ್ ರೋಡಿಗೆ ಹೋದಾಗ ಆಂಟೆನಾ ಎಣಿಸಬೇಡಿ. ಡಬ್ಬಿಯ ಮೇಲಿನ 1500, 3000 ಎಂಬ ಅಂಕಿಗಳು ಗಾಳಿಯಲ್ಲಿನ ವೇಗಗಳನ್ನು ಕೂಡಿಸಿ ಬರೆದ ಲೆಕ್ಕ. ನಿಮ್ಮ ತಂತಿಯ ವೇಗವಲ್ಲ. ಓಪನ್‌ಡಬ್ಲ್ಯುಆರ್‌ಟಿ ಎಂಬ ಉಚಿತ ತಂತ್ರಾಂಶ ಈ ಪೆಟ್ಟಿಗೆಗೆ ಒಗ್ಗುತ್ತದೆಯೇ ಎಂದು ಮೊದಲು ಅವರ ಪಟ್ಟಿಯಲ್ಲಿ ನೋಡಿ. ಫ್ಲಾಶ್ 16 ಮೆಗಾಬೈಟಿಗೂ, ರ್‍ಯಾಮ್ 128 ಮೆಗಾಬೈಟಿಗೂ ಕಡಿಮೆ ಇರಬಾರದು. ಹೆಸರನ್ನಷ್ಟೇ ನಂಬಬೇಡಿ, ತಳದ ಚೀಟಿಯಲ್ಲಿ ಆವೃತ್ತಿಯ ಸಂಖ್ಯೆಯನ್ನೂ ಓದಿ. ಲಿಂಕ್‌ಸಿಸ್ ಕಂಪೆನಿಯ ಪ್ರಸಿದ್ಧ ಡಬ್ಲ್ಯುಆರ್‌ಟಿ54ಜಿ 2005ರಲ್ಲಿ ಐದನೆಯ ಆವೃತ್ತಿಗೆ ಬಂದಾಗ ಹೆಸರು ಅದೇ ಇತ್ತು, ಒಳಗಿನ ಸ್ಮೃತಿ ಅರ್ಧಕ್ಕಿಳಿದಿತ್ತು. ತಪ್ಪು ಆವೃತ್ತಿಯ ತಂತ್ರಾಂಶ ಹಾಕಿದರೆ ಪೆಟ್ಟಿಗೆ ಕೆಲಸಕ್ಕೆ ಬಾರದೆ ಹೋದೀತು. ಆ ಗೊಡವೆ ಬೇಡವೆನ್ನುವವರಿಗೆ ಮೈಕ್ರೋಟಿಕ್ ಕಂಪೆನಿಯ ಪೆಟ್ಟಿಗೆಗಳಿವೆ. ಅವುಗಳ ಏಳನೆಯ ಆವೃತ್ತಿಯ ತಂತ್ರಾಂಶದಲ್ಲಿ ಈ ಉಪಾಯ ಸೇರಿಯೇ ಬರುತ್ತದೆ. ಕಲಿಯಲು ತುಸು ತಾಳ್ಮೆ ಬೇಕು.

ಇನ್ನೊಂದು ಪ್ರಶ್ನೆ ಅಂಗಡಿಯವನಿಗೆ ಇಷ್ಟವಾಗದು, ಆದರೂ ಕೇಳಿ: ಎಸ್‌ಕ್ಯೂಎಂ ನಡೆಸುವಾಗ ವೇಗವೆಷ್ಟು? ಗಿಗಾಬಿಟ್ ಎಂದು ಬರೆದದ್ದು ಎಷ್ಟೋ ಸಲ ಪ್ರೊಸೆಸರನ್ನು ಬದಿಗಿಟ್ಟು ನೇರ ದಾಟಿಸಿದಾಗಿನ ವೇಗ. ಸಾಲನ್ನು ಕಾಯುವ ಕೆಲಸ ಪ್ರೊಸೆಸರಿನದು; ಅದು ದುರ್ಬಲವಾದರೆ ವೇಗ ಕುಸಿಯುತ್ತದೆ. ನಮ್ಮ ಖೋಲಿಯ 50 ಅಥವಾ 100 ಮೆಗಾಬಿಟ್ ತಂತಿಗೆ ಮಧ್ಯಮ ದರ್ಜೆಯದು ಸಾಕು, ದುಬಾರಿಯದು ವ್ಯರ್ಥ.

ಹಳೆಯ ಕಂಪ್ಯೂಟರನ್ನೇ ರೌಟರು ಮಾಡಿದರೆ ಬಿಟ್ಟಿ ಅಲ್ಲವೇ ಎನ್ನುವವರಿದ್ದಾರೆ. ಅದು 40 ವಾಟ್ ಎಳೆದರೆ ತಿಂಗಳಿಗೆ ಸುಮಾರು 29 ಯೂನಿಟ್. 8 ವಾಟಿನ ರೌಟರಿಗೆ ಆರೂ ಇಲ್ಲ. ಯೂನಿಟಿಗೆ 8 ರೂಪಾಯಿ ಹಿಡಿದರೂ ವರ್ಷಕ್ಕೆ 2,200 ರೂಪಾಯಿ ಕೈಬಿಡುತ್ತದೆ. ಬಿಟ್ಟಿಯದೇ ತುಟ್ಟಿ!

ತಂದ ಮೇಲೆ ಹೊಂದಿಸುವುದು ಹೀಗೆ: ಯಾರೂ ಬಳಸದ ಹೊತ್ತಿನಲ್ಲಿ ಬರುವ ವೇಗ, ಹೋಗುವ ವೇಗ ಎರಡನ್ನೂ ಅಳೆದು, ಎಸ್‌ಕ್ಯೂಎಂನಲ್ಲಿ ಅದರ ನೂರಕ್ಕೆ ತೊಂಬತ್ತರಷ್ಟನ್ನು ಬರೆಯಿರಿ. ಆ ಹತ್ತನ್ನು ಬಿಟ್ಟುಕೊಟ್ಟರೆ ಸಾಲು ಕಂಪೆನಿಯ ಪೆಟ್ಟಿಗೆಯಲ್ಲಿ ಕಟ್ಟದೆ ನಮ್ಮ ಪೆಟ್ಟಿಗೆಯಲ್ಲಿ ಕಟ್ಟುತ್ತದೆ; ನಮ್ಮ ಕೈಯಲ್ಲಿದ್ದರೆ ತಾನೆ ಹಂಚಲು ಬರುವುದು? ಬಳಿಕ ಒಬ್ಬನು ದೊಡ್ಡ ವಿಡಿಯೋ ಕಳಿಸಲಿ, ಇನ್ನೊಬ್ಬನು ಊರಿಗೆ ಮಾತಾಡಲಿ. ಮಾತು ನೇರ ಬಂದರೆ ಕೆಲಸವಾಯಿತು. ರೌಟರಿನ ಹತ್ತಿರ ಕೂತಾಗ ಚೆನ್ನಾಗಿದ್ದು ಗೋಡೆಯಾಚೆ ಕೆಡುವುದಾದರೆ ಅದು ವೈಫೈ ಸಂಕೇತದ ದೋಷ. ಪೆಟ್ಟಿಗೆಯ ಜಾಗ ಬದಲಿಸಿ.

ಕೊನೆಯದಾಗಿ, ರೌಟರಿನ ಒಳಬಾಗಿಲ ಪಾಸ್‌ವರ್ಡನ್ನು ಹೊಂದಿಸಿದ ಹುಡುಗನೊಬ್ಬನ ತಲೆಯಲ್ಲೇ ಬಿಡಬೇಡಿ. ವರ್ಗಣಿ ಪುಸ್ತಕದ ಜತೆ ಚೀಟಿಯಲ್ಲಿ ಬರೆದು ಖಜಾಂಚಿಯ ಪೆಟ್ಟಿಗೆಯಲ್ಲಿಡಿ. ಹುಡುಗ ಯಾವಾಗ ಊರಿಗೆ ಹೊರಡುತ್ತಾನೋ ಯಾರು ಬಲ್ಲರು.