ತಲೆ ಕೆಟ್ಟರೆ ತಪ್ಪು ಯಾರದು?

(ಮುಂಬಯಿಯಲ್ಲಿ ನಡೆದ ನಮ್ಮ ಸಂಘದ ಸಭೆಯಲ್ಲಿ ಮಾಡಿದ ಭಾಷಣ)



ನಾನು ಏಳನೆಯ ಇಯತ್ತೆಯವರೆಗೆ ಕಲಿತವನು. ದೊಡ್ಡ ಭಾಷಣ ನನಗೆ ಬಾರದು. ಕಪ್ಪು-ಬಸಿ ತೊಳೆದು, ಆಮೇಲೆ ಸಪ್ಲಾಯರ್ ಆಗಿ ನಾನು ಕಂಡುಂಡದ್ದನ್ನಷ್ಟೇ ಹೇಳುತ್ತೇನೆ.

ಕೈ ಸುಟ್ಟರೆ ನಾಲ್ಕು ಜನರಿಗೆ ತೋರಿಸುತ್ತೇವೆ. ಮನಸ್ಸು ಸುಟ್ಟರೆ ಮಾತ್ರ ಮುಚ್ಚಿಡುತ್ತೇವೆ.

ನಾನಿದ್ದ ಒಂದು ಹೋಟೆಲಿನಲ್ಲಿ ಬೆಳಗಿನ 5ಕ್ಕೆ ಷಟರು ಎತ್ತಿದರೆ ರಾತ್ರಿ 11ಕ್ಕೆ ಎಳೆಯುವುದು. ಮಧ್ಯಾಹ್ನ 4 ಗಂಟೆ ಬಿಡುವು. ಆದರೆ ಮಲಗಲು ಜಾಗವಿಲ್ಲ. ಒಂದು ಸಂಜೆ ಗಿರಾಕಿಯೊಬ್ಬರು ಚಟ್ನಿಗಾಗಿ ಕೂಗಿದರು. ಕೈಯಲ್ಲಿದ್ದ ಗ್ಲಾಸನ್ನು ನಾನು ನೆಲಕ್ಕೆ ಬಡಿದೆ! ಎಲ್ಲರಿಗಿಂತ ಹೆಚ್ಚು ಬೆಚ್ಚಿದವನು ನಾನೇ. ಧಣಿಗಳು ಗ್ಲಾಸಿನ ಬೆಲೆ ಪಗಾರದಲ್ಲಿ ಮುರಿದರು. ಅಂದಿನಿಂದ ನಿದ್ದೆ ಹೋಯಿತು. ಊರಿನಿಂದ ಅಮ್ಮ ಫೋನು ಮಾಡಿದರೂ ಎತ್ತಲು ಮನಸ್ಸಿಲ್ಲ. ಕೆಲವರು ಸೊಕ್ಕು ಎಂದರು, ಕೆಲವರು ಕುಡಿಯಲು ಕಲಿಸಿದರು. ಕುಡಿತ ರಾತ್ರಿಯನ್ನು ಕಳೆಯಿತು, ಬೆಳಗನ್ನು ಕೆಡಿಸಿತು.

ಕೊನೆಗೆ ಅಡುಗೆಯ ಹಿರಿಯರೊಬ್ಬರು ಪಕ್ಕದಲ್ಲಿ ಕೂರಿಸಿಕೊಂಡು ಕೇಳಿದರು: "ತಮ್ಮಾ, ನಿನ್ನೆ ಎಷ್ಟು ಹೊತ್ತು ಮಲಗಿದೆ? ರುಬ್ಬುವ ಯಂತ್ರಕ್ಕೂ ನಾನು ನಡುವೆ ಬಿಡುವು ಕೊಡುತ್ತೇನೆ. ಇಲ್ಲವಾದರೆ ಮೋಟಾರು ಸುಡುತ್ತದೆ. ನೀನು ಅದಕ್ಕಿಂತ ಕಡೆಯೇ?"

ಆಗ ಲೆಕ್ಕ ಹಾಕಿದೆ. ದಿನಕ್ಕೆ 14 ಗಂಟೆ, ವಾರಕ್ಕೆ 98! ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 2021ರಲ್ಲಿ ಹೇಳಿದ್ದೇನು? ವಾರಕ್ಕೆ 35-40 ಗಂಟೆ ದುಡಿಯುವವರಿಗಿಂತ 55 ಗಂಟೆ ಅಥವಾ ಹೆಚ್ಚು ದುಡಿಯುವವರಿಗೆ ಪಾರ್ಶ್ವವಾಯುವಿನ ಅಪಾಯ ಶೇಕಡಾ 35, ಹೃದ್ರೋಗದಿಂದ ಸಾಯುವ ಅಪಾಯ ಶೇಕಡಾ 17 ಹೆಚ್ಚು. ದೇಹದ ಪಾಡೇ ಹೀಗಾದರೆ ಮನಸ್ಸಿನದು? ಕೆಲಸದ ಒತ್ತಡ ತೀರದೆ ಉಳಿದಾಗ ಮನುಷ್ಯ ಬಳಲಿ, ಕೆಲಸದ ಮೇಲೆ ಜಿಗುಪ್ಸೆಗೊಂಡು, ಕೈಸಾಗದವನಾಗುತ್ತಾನೆಂದು ಅದೇ ಆರೋಗ್ಯ ಸಂಸ್ಥೆ 2019ರಲ್ಲಿ ಬರೆದಿದೆ. ಇದಕ್ಕೆ ಮೂಲ ಕೆಲಸದಲ್ಲಿದೆ. ಮೂರನೆಯ ಪಾಳಿ ದುಡಿದ ಗಿರಣಿಯ ಅಣ್ಣಂದಿರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

1948ರ ಕಾರ್ಖಾನೆ ಕಾಯಿದೆ ಗಿರಣಿಯವರಿಗೆ ವಾರಕ್ಕೆ 48 ಗಂಟೆಯ ಮಿತಿ ಹಾಕಿತು. ಅದೇ ವರ್ಷದ ಮುಂಬಯಿ ಅಂಗಡಿ ಕಾಯಿದೆ ಹೋಟೆಲಿನವರಿಗೂ ವಾರದ ರಜೆ ಕೊಟ್ಟಿತು. ಆದರೆ ಕಾಗದದ ರಜೆ ಬೇರೆ, ಕೈಗೆ ಸಿಕ್ಕ ರಜೆ ಬೇರೆ.

ಆದುದರಿಂದ ಬಂಧುಗಳೇ, ದುಡಿದ ಗಂಟೆಗಳನ್ನು ದಿನವೂ ಬರೆದಿಡಿ, ಸಂಘಕ್ಕೆ ತನ್ನಿ. ಒಬ್ಬ ರಜೆ ಕೇಳಿದರೆ ಗಂಟುಮೂಟೆ ಕಟ್ಟಿಸುತ್ತಾರೆ, ಹತ್ತು ಜನ ಕೇಳಿದರೆ ಕೂರಿಸಿ ಮಾತಾಡುತ್ತಾರೆ. ಎರಡು ವಾರವಾದರೂ ನಿದ್ದೆ, ಊಟ ಸೇರದಿದ್ದರೆ ವೈದ್ಯರನ್ನು ಕಾಣಿರಿ. ಸರ್ಕಾರಿ ಆಸ್ಪತ್ರೆಯಲ್ಲಿ ಮನಸ್ಸಿನ ಚಿಕಿತ್ಸೆ ನಮ್ಮ ಹಕ್ಕು ಎಂದು 2017ರ ಕಾಯಿದೆ ಹೇಳುತ್ತದೆ. ಜೀವವೇ ಸಾಕೆನಿಸಿದರೆ ಒಬ್ಬರೇ ಕೂರಬೇಡಿ. 14416ಕ್ಕೆ ಫೋನು ಮಾಡಿ. ಹಗಲು ರಾತ್ರಿ, ಖರ್ಚಿಲ್ಲದೆ, ಕನ್ನಡದಲ್ಲಿಯೂ ಮಾತಾಡಬಹುದು.

ಇಂದು ರಾತ್ರಿ ಪಕ್ಕದಲ್ಲಿ ಮಲಗುವ ಹುಡುಗನನ್ನು ಒಂದು ಮಾತು ಕೇಳಿ: "ತಮ್ಮಾ, ನಿದ್ದೆ ಬರುತ್ತದೆಯೇ?" ಸಂಘದ ಕೆಲಸ ಅಲ್ಲಿಂದಲೇ ಆರಂಭವಾಗಲಿ.