ಗಣಿಹಳ್ಳಿಯ ರಗ್ಬಿ ಸಂಘ

ವೇಲ್ಸ್ ದೇಶದ ಗ್ವೆಂಡ್ರೈತ್ ಕಣಿವೆಯಲ್ಲಿ, ಕಲ್ಲಿದ್ದಲ ಗಣಿಗಳನ್ನು ನಂಬಿ ಬೆಳೆದ ಕೆವ್ನೈಥಿನ್ ಎಂಬ ಹಳ್ಳಿಯುಂಟು. ಅಲ್ಲಿಯ ರಗ್ಬಿ ಸಂಘದ ಚರಿತ್ರೆಯನ್ನು ನಾವು ಬರಿಯ ಸೋಲುಗೆಲವುಗಳಿಂದ ಅಳೆಯಲಾರೆವು. ಹಳ್ಳಿಯ ಸಂಘದ ಪಾಡು ಹೆಣ್ಣು ಹೆತ್ತವರ ಪಾಡು: ಸಾಕಿದ ಹುಡುಗನು ಆಟದಲ್ಲಿ ಪಳಗಿದನೆಂದರೆ ಲನೆಲ್ಲಿ ಪಟ್ಟಣದ ದೊಡ್ಡ ತಂಡಕ್ಕೆ ಒಪ್ಪಿಸಿಕೊಡಬೇಕು. ಗಣಿಗಾರನ ಮಗ ಕಾರ್ವಿನ್ ಜೇಮ್ಸರು ಹಾಗೆ ಹೋದವರು. ತರುವಾಯ ಮತ್ತೊಬ್ಬ ಗಣಿಗಾರನ ಮಗ ಬ್ಯಾರಿ ಜಾನರೂ ಹೋದರು.

1971ರಲ್ಲಿ ಬ್ರಿಟಿಷ್ ಲಯನ್ಸ್ ತಂಡವು ನ್ಯೂಜಿಲೆಂಡಿಗೆ ಹೊರಟಾಗ ಜೇಮ್ಸರೇ ಅದರ ಶಿಕ್ಷಕರು. ನಾಲ್ಕು ಟೆಸ್ಟ್ ಪಂದ್ಯಗಳಲ್ಲಿ ಎರಡು ಗೆಲವು, ಒಂದು ಸೋಲು, ಒಂದು ಸಮ. ತಂಡದ 48 ಅಂಕಗಳಲ್ಲಿ 30 ಜಾನರವು! ಆ ನೆಲದಲ್ಲಿ ಲಯನ್ಸ್ ಸರಣಿಯನ್ನು ಗೆದ್ದುದು ಅದೊಂದೇ ಸಲ. ಮರುವರ್ಷವೇ, 27ರ ಪ್ರಾಯದಲ್ಲಿ, ಜಾನರು ಆಟವನ್ನು ಬಿಟ್ಟರು. ಜನರ ಆರಾಧನೆಯೇ ಅವರಿಗೆ ಹೊರಲಾರದ ಹೊರೆಯಾಗಿದ್ದಿತು.