ಮಂಡಿ ಬದಲಾಯಿಸಿದರೆ ಮಾತ್ರೆ ನಿಲ್ಲುತ್ತದೆಯೇ?

(ವಾರ್ಷಿಕ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)



ನಮ್ಮ ಅನೇಕ ಮನೆಗಳಲ್ಲಿ ಅಜ್ಜಿಯ ತಲೆದಿಂಬಿನ ಪಕ್ಕ ಒಂದು ಡಬ್ಬಿ ಇರುತ್ತದೆ. ಅದರಲ್ಲಿ ಬಿಪಿಯ ಮಾತ್ರೆ, ಸಕ್ಕರೆ ಕಾಯಿಲೆಯ ಮಾತ್ರೆ, ಜೊತೆಗೆ ಗಂಟುನೋವಿನ ಮಾತ್ರೆ. ಈ ಮೂರನೆಯದು ಹೆಚ್ಚಾಗಿ ವೈದ್ಯರ ಚೀಟಿಯಿಲ್ಲದೆ ಮೆಡಿಕಲ್ ಶಾಪಿನಿಂದ ಮೊಮ್ಮಕ್ಕಳೇ, ಅಂದರೆ ನೀವೇ, ತಂದುಕೊಟ್ಟದ್ದು. ಡೈಕ್ಲೋಫೆನಾಕ್, ಐಬುಪ್ರೊಫೆನ್‌ನಂಥ ಮಾತ್ರೆಗಳನ್ನು ವರ್ಷಗಟ್ಟಲೆ ನುಂಗಿದರೆ ಹೊಟ್ಟೆಯಲ್ಲಿ ಹುಣ್ಣಾಗಿ ರಕ್ತ ಹೋಗಬಹುದು, ರಕ್ತದೊತ್ತಡ ಏರಬಹುದು, ಮೂತ್ರಪಿಂಡ ಕೆಡಬಹುದು. ಮಂಡಿ ನೋವಿನವರು ಹೊಟ್ಟೆಯ ಕಾರಣಕ್ಕೆ ಆಸ್ಪತ್ರೆ ಸೇರುವುದು ಹೀಗೆ.

ಹಾಗಾದರೆ ಆಪರೇಷನ್ ಮಾಡಿಸಿಬಿಡೋಣವೇ? ಕೀಲು ತೀರಾ ಸವೆದವರಲ್ಲಿ ಹೆಚ್ಚಿನವರಿಗೆ ನೋವು ಚೆನ್ನಾಗಿ ಇಳಿಯುತ್ತದೆ, ಮಾತ್ರೆಯೂ ಕಡಿಮೆಯಾಗುತ್ತದೆ. ಆದರೆ ಮಂಡಿ ಬದಲಾಯಿಸಿದವರಲ್ಲಿ ಸುಮಾರು ಐವರಲ್ಲಿ ಒಬ್ಬರಿಗೆ ನೋವು ಉಳಿಯುತ್ತದೆ. ಸೊಂಟದ ಕೀಲಿನಲ್ಲಿ ಇದು ಹತ್ತರಲ್ಲಿ ಒಬ್ಬರಷ್ಟೇ.

ಅಮೆರಿಕದ ಮಿಷಿಗನ್‌ನಲ್ಲಿ ನಡೆದು 2016ರಲ್ಲಿ ಪ್ರಕಟವಾದ ಅಧ್ಯಯನವೊಂದು ಅಫೀಮು ವರ್ಗದ ನೋವುನಿವಾರಕಗಳ ಬಗ್ಗೆ ಹೇಳುವುದನ್ನು ಗಮನಿಸಿ. ಟ್ರಾಮಡಾಲ್ ಈ ವರ್ಗದ್ದೇ. ಮಂಡಿ ಆಪರೇಷನ್‌ಗೆ ಮೊದಲೇ ಇವನ್ನು ಸೇವಿಸುತ್ತಿದ್ದವರಲ್ಲಿ ಶೇ. 53 ಮಂದಿ ಆರು ತಿಂಗಳ ನಂತರವೂ ಸೇವಿಸುತ್ತಿದ್ದರು. ಮೊದಲು ಸೇವಿಸದಿದ್ದವರಲ್ಲಿ ಶೇ. 8 ಮಾತ್ರ. ಅಂದರೆ ಆಪರೇಷನ್‌ಗೆ ಮೊದಲಿನ ಅಭ್ಯಾಸ ನಂತರವೂ ಜೊತೆಗೇ ಬರುತ್ತದೆ.

ಆಸ್ಪತ್ರೆಯ ವಿಚಾರ. 2015ರಲ್ಲಿ ಡೆನ್ಮಾರ್ಕಿನ ವೈದ್ಯರು 100 ರೋಗಿಗಳನ್ನು ಎರಡು ಗುಂಪು ಮಾಡಿ ಪರೀಕ್ಷಿಸಿದ ಫಲಿತಾಂಶ ಹೊರಬಂತು. ಎರಡೂ ಗುಂಪಿಗೆ ವ್ಯಾಯಾಮ, ತೂಕ ಇಳಿಸುವ ಸಲಹೆ, ಔಷಧಿ. ಒಂದು ಗುಂಪಿಗೆ ಮೊದಲು ಮಂಡಿ ಬದಲಾವಣೆ. ಆಪರೇಷನ್ ಆದವರಿಗೆ ಹೆಚ್ಚು ಗುಣ ಕಂಡಿತು, ನಿಜ. ಆದರೆ ಗಂಭೀರ ತೊಂದರೆಗಳು ಆ ಗುಂಪಿನಲ್ಲಿ 24, ಇನ್ನೊಂದರಲ್ಲಿ 6. ಇನ್ನೊಂದು ಗುಂಪಿನ 50 ಮಂದಿಯಲ್ಲಿ ವರ್ಷದೊಳಗೆ ಆಪರೇಷನ್ ಮಾಡಿಸಿಕೊಂಡವರು 13 ಜನ ಮಾತ್ರ. ವ್ಯಾಯಾಮಕ್ಕೆ ಇಷ್ಟು ಬಲವಿದೆಯೆಂದು ನಮ್ಮಲ್ಲಿ ಯಾರೂ ನಂಬುವುದಿಲ್ಲ!

ಖರ್ಚಿನ ಭಯ ಈಗ ಸ್ವಲ್ಪ ಇಳಿದಿದೆ. 2017ರ ಆಗಸ್ಟ್‌ನಲ್ಲಿ ಕೇಂದ್ರ ಸರಕಾರ ಕೃತಕ ಮಂಡಿಗೆ ಗರಿಷ್ಠ ಬೆಲೆ ನಿಗದಿ ಮಾಡಿತು. ಆದರೆ ಆ ಮಿತಿ ಮಂಡಿಗೆ ಮಾತ್ರ, ಆಸ್ಪತ್ರೆಯ ಪೂರ್ತಿ ಬಿಲ್ಲಿಗಲ್ಲ.

ಮಾಡಿಸಿಕೊಂಡವರ ಮನೆಯವರಿಗೆ ಎರಡು ಮಾತು. ರಕ್ತ ಹೆಪ್ಪುಗಟ್ಟದಂತೆ ಕೊಡುವ ಮಾತ್ರೆಯನ್ನು ವೈದ್ಯರು ಹೇಳಿದಷ್ಟು ದಿನವೂ ಕೊಡಿ. ಮೀನಖಂಡ ಊದಿದರೆ, ಜ್ವರ ಬಂದು ಗಾಯ ಒಸರಿದರೆ ಅದೇ ದಿನ ಕರೆದೊಯ್ಯಿರಿ. ಉಸಿರು ಕಟ್ಟಿದಂತಾದರೆ ಒಂದು ಗಳಿಗೆಯೂ ಕಾಯಬೇಡಿ. ನಮಾಝಿಗೆ ಕುರ್ಚಿ ಬೇಕಾಗಬಹುದು, ಅದನ್ನು ವೈದ್ಯರಲ್ಲಿ ಮೊದಲೇ ಕೇಳಿಕೊಳ್ಳಿ. ಇಂದು ಸಂಜೆ ಮನೆಗೆ ಹೋದ ಮೇಲೆ ಅಜ್ಜಿಯ ಡಬ್ಬಿಯನ್ನು ಒಮ್ಮೆ ತೆರೆದು ನೋಡಿ. ಅದರಲ್ಲಿರುವುದನ್ನೆಲ್ಲ ಬರೆದುಕೊಂಡು ವೈದ್ಯರಿಗೆ ತೋರಿಸಿ.